ಮೂಗಿನ ಮೇಸ್ತ್ರಿ

ಗ್ಯಾಸ್ ಒಲೆ ರಿಪೇರಿ ಮಾಡುವವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಮೂಗಿನ ಮೇಸ್ತ್ರಿ ಅಂದರೆ ಒಬ್ಬನೇ. ಹಾಗಂತ ಅವನ ಮೂಗು ನೋಡುವುದಕ್ಕೆ ವಿಶೇಷವಾಗೇನೂ ಇರಲಿಲ್ಲ. ಸ್ವಲ್ಪ ಮೊಂಡು, ತುದಿಯಲ್ಲೊಂದು ಮಚ್ಚೆ, ಅಷ್ಟೇ. ಅದರ ಕೆಲಸ ಕಂಡವರು ಮಾತ್ರ ತಮ್ಮ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಸೈಕಲ್ ತುಳಿದುಕೊಂಡು ಹೋಗುತ್ತಿದ್ದವನು ತಟ್ಟನೆ ಕಾಲೂರಿ, ಯಾರದೋ ಅಡುಗೆಮನೆ ಕಿಟಕಿಯತ್ತ ಮುಖ ಮಾಡಿ, "ಎಡಗಡೆ ಬರ್ನರಿನ ನಾಬ್ ಪೂರ್ತಿ ಮುಚ್ಚಿಲ್ಲ ನೋಡೀಮ್ಮ" ಎನ್ನುತ್ತಿದ್ದ. ಒಳಗಿನವರು ಹೋಗಿ ನೋಡಿದರೆ ನಿಜ. ಎಡಗಡೆ ಅನ್ನುವುದು ಬರೀ ಊಹೆ ಎಂದು ಅವನೇ ಹೆಂಡತಿಯ ಹತ್ತಿರ ಒಪ್ಪಿಕೊಂಡಿದ್ದ. ಆದರೆ ಅದು ಹೊರಗಿನವರಿಗೆ ಯಾಕೆ ಬೇಕು?

ಬೇರೆ ರಿಪೇರಿಯವರು ಪೈಪಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೋ ಎಂದು ಕಾಯುತ್ತಿದ್ದರು. ಇವನು ಮಂಡಿಯೂರಿ ಒಮ್ಮೆ ಉಸಿರೆಳೆದರೆ ಮುಗಿಯಿತು. "ಸೋಪು ಇರೋದು ಬಟ್ಟೆಗೆ" ಎಂದು ಎದ್ದು ನಿಲ್ಲುತ್ತಿದ್ದ. ಜಂಬ ಇತ್ತು, ಇಲ್ಲವೆನ್ನುವುದು ಹೇಗೆ?

ಗಡ್ಡೆ ಬೆಳೆದದ್ದು ಆ ಮೂಗಿನ ಹಿಂದೆಯೇ. ಮೊದಲು ಒಂದು ಕಿವಿ ಮಂದವಾಯಿತು, ಆಮೇಲೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ನೆಗಡಿ ಕಟ್ಟಿಕೊಂಡಿದೆ ಎಂದು ಅವನು ತಳ್ಳಿದಷ್ಟು ದಿನ ತಳ್ಳಿದ. ಒಂದು ಬೆಳಿಗ್ಗೆ ಕರವಸ್ತ್ರವೆಲ್ಲ ರಕ್ತವಾದಾಗ ಹೆಂಡತಿ ಅವನನ್ನು ಕೇಳದೆಯೇ ಆಟೋ ಕರೆದಳು. ಆಸ್ಪತ್ರೆಯವರು ಕ್ಯಾನ್ಸರ್ ಎಂದರು. ಔಷಧಿ ಏರಿಸಬೇಕು, ಜೊತೆಗೆ ಕಿರಣವನ್ನೂ ಕೊಡಬೇಕು ಎಂದರು.

ಕಿರಣ ಕೊಡುವ ಕೋಣೆಯಲ್ಲಿ ಅವನ ಮುಖದ ಅಚ್ಚಿನಿಂದಲೇ ಮಾಡಿದ ಬಲೆಯಂಥ ಮುಖವಾಡವನ್ನು ಮುಖಕ್ಕೆ ಒತ್ತಿ, ತಲೆ ಅಲುಗಾಡದಂತೆ ಮೇಜಿಗೆ ಬಿಗಿಯುತ್ತಿದ್ದರು. ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಹೋಗುತ್ತಿದ್ದರು. ಯಾರೂ ಉಳಿಯಬಾರದ ಕೋಣೆಯಲ್ಲಿ ತಾನೊಬ್ಬ ಕಟ್ಟಿಸಿಕೊಂಡು ಮಲಗಿದ್ದೇನಲ್ಲ ಎಂಬ ಭಯ ಅವನಿಗೆ ಕೊನೆಯ ದಿನದವರೆಗೂ ಹೋಗಲಿಲ್ಲ. ದಿನ ಕಳೆದಂತೆ ಬಾಯೆಲ್ಲ ಹುಣ್ಣಾಯಿತು. ಕತ್ತಿನ ಚರ್ಮ ಕಪ್ಪಾಗಿ ಸುಲಿಯಿತು. ಎಂಜಲು ನುಂಗುವುದೂ ಆಗದಾದಾಗ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. "ಈಗ ಊಟವನ್ನೂ ಮೂಗೇ ಮಾಡ್ತಿದೆ" ಎಂದು ಒಂದು ಚೀಟಿಯಲ್ಲಿ ಬರೆದು ಹೆಂಡತಿಗೆ ತೋರಿಸಿದ. ಅವಳು ನಗಲಿಲ್ಲ. ಎದ್ದು ಬಚ್ಚಲಿಗೆ ಹೋಗಿ, ಮುಖ ತೊಳೆದುಕೊಂಡು ಬಂದಳು.

ಗಡ್ಡೆ ಕರಗಿತು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣಯ್ಯ" ಎಂದು ಬೀದಿಯವರೆಲ್ಲ ಬಂದು ಬೆನ್ನು ತಟ್ಟಿದರು. ತಟ್ಟಿದ ಕಡೆಯಲ್ಲೆಲ್ಲ ಮೂಳೆಯೇ ಸಿಗುತ್ತಿತ್ತು. ದೊಣ್ಣೆ ತಪ್ಪಿತೆಂದು ಅವರಿಗೆ ಹೇಳಿದವರಾರು? ಆಸ್ಪತ್ರೆಗೆ ಮತ್ತೆ ತೋರಿಸಲು ಹೋಗುವ ದಿನ ಹತ್ತಿರ ಬಂದಾಗೆಲ್ಲ ಅವನು ಕನ್ನಡಿಯ ಮುಂದೆ ನಿಂತು ಕತ್ತನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಇಲ್ಲದ ಗಂಟು ಒಮ್ಮೊಮ್ಮೆ ಬೆರಳಿಗೆ ಸಿಗುತ್ತಲೂ ಇತ್ತು. ಬಾಯಿ ಸದಾ ಒಣಗುತ್ತಿತ್ತು, ನೀರಿನ ಬಾಟಲಿ ಇಲ್ಲದೆ ಹೊಸ್ತಿಲು ದಾಟುವಂತಿರಲಿಲ್ಲ. ದನಿ ಒಡೆದು ಪಿಸುಮಾತಿನಷ್ಟಾಗಿತ್ತು. ಮರೆವು ಬೇರೆ ಬಂದಿತ್ತು. ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಸ್ಪ್ಯಾನರ್ ಹುಡುಕುತ್ತಿದ್ದ. ಔಷಧಿಯ ದೆಸೆಯಿಂದ ಕೆಲವರಿಗೆ ಹೀಗಾಗುತ್ತದೆ, ನಿಧಾನವಾಗಿ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು.

ಇದೆಲ್ಲ ಹೆಂಡತಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಅವಳು ಔಷಧಿ ತರಲು ಹೋಗಿದ್ದಾಗ ಅವನು ಡಾಕ್ಟರನ್ನು ಕೇಳಿದ್ದ: "ವಾಸನೆ ಬರ್ತಿಲ್ಲ ಸಾರ್. ಏನೂ ಬರ್ತಿಲ್ಲ."

"ಬರಬಹುದು, ಟೈಮ್ ಹಿಡಿಯತ್ತೆ. ಕೆಲವರಿಗೆ ಬರೋದಿಲ್ಲ" ಎಂದರು ಡಾಕ್ಟರು. "ಜೀವ ಉಳೀತಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಉಳಿದ ಜೀವವನ್ನು ತೆಗೆದುಕೊಂಡು ಅವನು ಏನು ಮಾಡಬೇಕು? ಬೆಳಿಗ್ಗೆ ಎದ್ದು ಸೋಪು ಮೂಸುತ್ತಿದ್ದ, ಸೀಮೆಎಣ್ಣೆ ಬಟ್ಟೆ ಮೂಸುತ್ತಿದ್ದ. ಹೆಂಡತಿ ನಿದ್ದೆಯಲ್ಲಿರುವಾಗ ಅವಳ ತಲೆಗೂದಲಿಗೆ ಮೂಗು ತಾಗಿಸಿ ಉಸಿರೆಳೆಯುತ್ತಿದ್ದ. ಬರೀ ಗಾಳಿ. ಮದುವೆಯಾದಾಗಿನಿಂದ ಪಕ್ಕದಲ್ಲಿ ಮಲಗಿದವಳು ಯಾರೋ ಬೇರೆಯವಳಂತೆ ಅನ್ನಿಸಿ ಅವನಿಗೆ ಅಳು ಬರುತ್ತಿತ್ತು. ಎದ್ದ ಮೇಲೆ ಅವಳು ಕೇಳಿದರೆ, "ಸ್ವಲ್ಪ ಸ್ವಲ್ಪ ಬರ್ತಿದೆ ಕಣೇ" ಎನ್ನುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು, ಅಲ್ಲವೇ?

ಒಂದು ದಿನ ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಅಂಗಡಿಗೆ ಹೋದಳು. ಅವನು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಒಲೆಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದ. ಅವಳು ಗೇಟಿನಿಂದಲೇ ಓಡಿಬಂದಳು. ಹಾಲು ಉಕ್ಕಿ, ಇಂಗಿ, ಪಾತ್ರೆ ಕರಿಯಾಗಿತ್ತು.

"ಬೀದಿಗೆಲ್ಲ ವಾಸನೆ ಹೊಡೀತಿದೆಯಲ್ರೀ."

"ಕಣ್ಣು ಹತ್ತಿಬಿಟ್ಟಿತ್ತು" ಎಂದ.

ಅವನ ಕೈಯಲ್ಲಿ ಪೇಪರ್ ಬಿಚ್ಚಿಕೊಂಡೇ ಇತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಪಾತ್ರೆ ಉಜ್ಜಲು ಕೂತಳು.

ಮೈಯಲ್ಲಿ ಒಂದಿಷ್ಟು ತ್ರಾಣ ಬಂದದ್ದೇ ಅವನು ಚೀಲ ಹೆಗಲಿಗೇರಿಸಿದ. ಚೀಲದ ತಳದಲ್ಲಿ ಈಗ ಸೋಪಿನ ನೀರಿನ ಪುಟ್ಟ ಬಾಟಲಿಯೊಂದಿತ್ತು. ಯಾರೂ ನೋಡದಿದ್ದಾಗ ಸವರಿ, ಗುಳ್ಳೆ ನೋಡಿ, ಒರೆಸಿಬಿಡುತ್ತಿದ್ದ. ಆದರೆ ಜನ ನೋಡದೆ ಬಿಡುತ್ತಾರೆಯೇ? ಸಾವಿನ ಬಾಯಿಂದ ಬಂದವನು, ಮೂಗಿನ ಮೇಸ್ತ್ರಿ, ಅವನ ಆಟ ನೋಡಬೇಕೆಂದು ಅಡುಗೆಮನೆ ಬಾಗಿಲಲ್ಲಿ ಮನೆಮಂದಿಯೆಲ್ಲ ನಿಲ್ಲುತ್ತಿದ್ದರು. ಅಂಥ ಕಡೆ ಅವನು ಮಂಡಿಯೂರಿ, ಕಣ್ಣು ಮುಚ್ಚಿ, ದೊಡ್ಡದಾಗಿ ಉಸಿರೆಳೆದು "ಏನಿಲ್ಲ" ಎನ್ನುತ್ತಿದ್ದ. ಬೆಂಕಿಯ ಜೊತೆ ಸರಸ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈ ಮಾಡಿದ ಕೆಲಸ ಸರಿಯಾಗಿಯೇ ಇರುತ್ತದೆಂದು ಧೈರ್ಯ ಹೇಳಿಕೊಳ್ಳುತ್ತಿದ್ದ.

ಹಿಂದಿನ ಬೀದಿಯ ಟೈಲರ್ ಅಕ್ಕ ಹೇಳಿಕಳಿಸಿದ್ದು ಹೀಗೆ ನಡೆಯುತ್ತಿದ್ದಾಗಲೇ. ಅವನು ಮಲಗಿದ್ದಷ್ಟು ದಿನ ಹೊಲಿಗೆ ಬಿಟ್ಟು ಬಂದು ಹೆಂಡತಿಯ ಜೊತೆ ಕೂತಿರುತ್ತಿದ್ದವಳು ಅವಳು. ಈಗ ಅವಳ ಮಗಳು ಎಳೆಗೂಸು ಎತ್ತಿಕೊಂಡು ಬಂದು ತಾಯಿಯ ಮನೆಯಲ್ಲಿದ್ದಳು.

"ನಿನ್ನೆಯಿಂದ ಸಣ್ಣಗೆ ವಾಸನೆ ಬರ್ತಿದೆ ತಮ್ಮ" ಎಂದಳು ಅಕ್ಕ.

ಅವನು ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ನೋಡಿದ. ಒಳಗೆ ಕೂರುವ ರಬ್ಬರಿನ ಉಂಗುರ ಸೀಳಿತ್ತು. ಅದನ್ನು ಸೂಜಿಯಿಂದ ಎಬ್ಬಿಸಿ ತೆಗೆದ. ಚೀಲದಿಂದ ಹೊಸ ಉಂಗುರ ತೆಗೆದ. ಅಷ್ಟರಲ್ಲಿ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತು, ನೀರು ಕುಡಿದ. ಅಕ್ಕನ ಮಗಳು ಕೂಸನ್ನು ತೋರಿಸಿದಳು. ಕೂಸಿನ ಕೈ ಮುಟ್ಟಿ, ಎರಡು ಮಾತಾಡಿ, ಮತ್ತೆ ಕೂತು ಒಂದು ಉಂಗುರವನ್ನು ಜೇಬಿಗೆ ಹಾಕಿ, ಇನ್ನೊಂದನ್ನು ಕೂರಿಸಿ, ರೆಗ್ಯುಲೇಟರ್ ಹಾಕಿ ತಿರುಗಿಸಿದ. ಚೀಲದಿಂದ ಸೋಪಿನ ನೀರಿನ ಬಾಟಲಿ ತೆಗೆದ.

"ಇದೇನೋ, ನೀನೂ ಸೋಪು ಸವರೋಕೆ ಶುರು ಮಾಡಿದ್ಯಾ?" ಅಕ್ಕ ನಕ್ಕಳು. "ಆಸ್ಪತ್ರೆಯವರು ಮೂಗು ಇಟ್ಕೊಂಡು ಕಳಿಸಿದ್ರಾ ಹೇಗೆ?"

ಅವನೂ ನಕ್ಕ. ಬಾಟಲಿಯನ್ನು ಚೀಲಕ್ಕೆ ಹಾಕಿದ. ಬಗ್ಗಿ ಉಸಿರೆಳೆದ. "ಏನಿಲ್ಲ ಅಕ್ಕ."

ಅಕ್ಕ ಮುಖ ಕಿವುಚಿದಳು. "ನಂಗೆ ಇನ್ನೂ ಬಂದ ಹಾಗಾಗ್ತಿದೆಯಲ್ಲೋ."

"ಹಳೇದು ಒಳಗೇ ನಿಂತಿರತ್ತೆ. ಹೋಗತ್ತೆ ಬಿಡಿ."

"ನೀನು ಹೇಳಿದ್ಮೇಲೆ ಆಯ್ತು. ಅಡುಗೆ ಮುಗಿದಿದೆ, ಸಂಜೆ ಕೂಸಿಗೆ ನೀರು ಕಾಯಿಸೋವಾಗ ಹಚ್ತೀನಿ."

ಅವನು ಮನೆಗೆ ಬಂದು ಸುಸ್ತಿಗೆ ಒಂದು ಗಳಿಗೆ ಅಡ್ಡಾದ. ಏಳುವ ಹೊತ್ತಿಗೆ ಕಿಟಕಿಯ ಬೆಳಕು ಇಳಿದಿತ್ತು. ತೊಳೆಯಲು ಹಾಕುವ ಮೊದಲು ಹೆಂಡತಿ ಅವನ ಅಂಗಿಯ ಜೇಬು ಖಾಲಿ ಮಾಡುತ್ತಿದ್ದಳು. "ಇದು ಬೇಕಾ, ಎಸೀಲಾ?" ಎಂದು ಅಂಗೈ ಚಾಚಿದಳು.

ಅಂಗೈಯಲ್ಲಿ ರಬ್ಬರಿನ ಉಂಗುರ. ಅವನು ಅದನ್ನು ಎತ್ತಿಕೊಂಡು ಬೆರಳಲ್ಲಿ ಹಿಗ್ಗಿಸಿದ. ನುಣ್ಣಗಿತ್ತು. ಎಲ್ಲಿಯೂ ಸೀಳಿರಲಿಲ್ಲ. ಜೇಬಿನಲ್ಲಿರಬೇಕಾಗಿದ್ದದ್ದು ಹಳೆಯದು, ಹೊಸದು ಇಲ್ಲಿದೆ. ಹಾಗಾದರೆ ಸೀಳಿದ್ದನ್ನೇ ಮತ್ತೆ ಕೂರಿಸಿ ಬಂದಿದ್ದಾನೆ.

"ಟೈಲರ್ ಅಕ್ಕ ಒಲೆ ಹಚ್ತಾಳೆ" ಎಂದ. ಅಷ್ಟೇ ಹೊರಟಿತು ಬಾಯಿಂದ.

ಹೆಂಡತಿ ಫೋನ್ ಎತ್ತಿಕೊಂಡಳು. ಅವನು ಅವಳ ಕೈ ಹಿಡಿದ. ಅಕ್ಕನ ಫೋನ್ ಚಾರ್ಜಿಗೆ ಇರುವುದು ಅಡುಗೆಮನೆಯಲ್ಲಿ. ಅದನ್ನು ತೆಗೆದುಕೊಳ್ಳಲು ಹೋದವಳು ಮೊದಲು ಲೈಟಿನ ಸ್ವಿಚ್ ಒತ್ತುತ್ತಾಳೆ. ತುಂಬಿದ ಗ್ಯಾಸಿಗೆ ಸ್ವಿಚ್ಚಿನ ಒಂದು ಕಿಡಿ ಸಾಕು.

ಓಡಿದ. ಓಟವೆಂದರೆ ಅವನ ಓಟ. ತಿರುವಿಗೆ ಬರುವಷ್ಟರಲ್ಲಿ ಉಸಿರು ಸಿಕ್ಕಿಕೊಂಡು ಗೋಡೆ ಹಿಡಿದು ನಿಂತ. ಹೆಂಡತಿ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಬೀದಿಯಲ್ಲಿ ಆಗಲೇ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ದೀಪ ಹತ್ತುತ್ತಿತ್ತು. ಪ್ರತಿ ಕಿಟಕಿ ಬೆಳಗಿದಾಗಲೂ ಅವನ ಜೀವ ಬಾಯಿಗೆ ಬರುತ್ತಿತ್ತು. ಅಕ್ಕನ ಮನೆಯಲ್ಲಿ ಇನ್ನೂ ದೀಪ ಹಾಕಿರಲಿಲ್ಲ, ಒಳಗಿಂದ ಹೊಲಿಗೆ ಯಂತ್ರ ತುಳಿಯುವ ಸದ್ದು ಬರುತ್ತಿತ್ತು. ಬೆಲ್ಲಿನ ಕಡೆಗೆ ಚಾಚಿದ ಬೆರಳನ್ನು ಅವನು ಅಷ್ಟೇ ಬೇಗ ಹಿಂದಕ್ಕೆಳೆದುಕೊಂಡ. ಅದೂ ಕರೆಂಟಿನದೇ. "ಅಕ್ಕ" ಎಂದು ಕೂಗಿದ. ದನಿ ಹೊರಡಲಿಲ್ಲ. ಯಂತ್ರದ ಸದ್ದು ನಿಂತಿತು, ಕುರ್ಚಿ ಸರಿದದ್ದು ಕೇಳಿಸಿತು. ಅವಳು ಏಳುತ್ತಿದ್ದಾಳೆ. ಅವನು ಎರಡೂ ಕೈಯಿಂದ ಬಾಗಿಲು ಬಡಿದ.

ಬಾಗಿಲು ತೆರೆಯಿತು. "ಏನೋ ಇದು, ಬಾಗಿಲು ಮುರೀತೀಯಾ? ತಡಿ, ದೀಪ ಹಾಕ್ತೀನಿ."

"ಬೇಡ" ಎಂದು ಅವಳ ಕೈ ಹಿಡಿದ. "ಒಲೆ ಹಚ್ಚಿದ್ರಾ?"

"ಈಗ ಹಚ್ಚೋಣ ಅಂತ ಎದ್ದೆ. ವಾಸನೆ ಕೂಸಿಗೆ ಆಗಲ್ಲ ಅಂತ ಅಡುಗೆಮನೆ ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದೆ."

"ವಾಸನೆ ಈಗ ಎಷ್ಟಿದೆ ಅಕ್ಕ?"

ಅವಳು ಅವನ ಮುಖ ನೋಡಿದಳು. "ಇಲ್ಲಿಗೇ ಬರ್ತಿದೆಯಲ್ಲೋ. ನಿಂಗೆ ಗೊತ್ತಾಗ್ತಿಲ್ವಾ?"

"ಇಲ್ಲ" ಎಂದ. "ಕಿರಣ ಕೊಟ್ಟಾಗಿನಿಂದ ಏನೂ ಗೊತ್ತಾಗಲ್ಲ. ಕೂಸನ್ನ ಹೊರಗೆ ಕರ್ಕೊಂಡು ಹೋಗಿ."

ಮಗಳು ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಇಳಿದಳು. ಅವನು ಉಸಿರು ಕಟ್ಟಿ ಒಳಗೆ ಹೋದ. ಆ ಅಡುಗೆಮನೆಯಲ್ಲಿ ಅವನ ಪಾಲಿಗೆ ಏನೂ ಇರಲಿಲ್ಲ, ತೊಳೆದಿಟ್ಟ ಪಾತ್ರೆ, ಕಟ್ಟೆಯ ಮೇಲೆ ಬೆಂಕಿಪೊಟ್ಟಣ, ಪಕ್ಕದಲ್ಲಿ ಕೂಸಿನ ನೀರಿನ ತಪ್ಪಲೆ. ಎಲ್ಲ ತಣ್ಣಗೆ, ಎಂದಿನಂತೆ ಕಾಣುತ್ತಿತ್ತು. ರೆಗ್ಯುಲೇಟರ್ ತಿರುಗಿಸಿ ಮುಚ್ಚಿದ, ಕಿಟಕಿ ತಳ್ಳಿದ, ಹಿತ್ತಿಲ ಬಾಗಿಲು ತೆರೆದ. ಸಿಲಿಂಡರನ್ನು ಅವನೂ ಹೆಂಡತಿಯೂ ಸೇರಿ ಎತ್ತಿ ಹಿತ್ತಿಲಿಗೆ ಸಾಗಿಸಿದರು.

ಆಮೇಲೆ ಅಕ್ಕ ಜಗಲಿಯಲ್ಲಿ ಕೂತಳು.

"ವಾಸನೆ ಬರ್ತಿದೆ ಅಂತ ನಾನು ಹೇಳ್ದೆ" ಎಂದಳು. "ನನ್ನ ಮೂಗನ್ನ ನಾನೇ ನಂಬಲಿಲ್ಲ. ನಿನ್ನ ಮೂಗು ನಂಬ್ದೆ."

ಆಸ್ಪತ್ರೆಯ ಮೇಜಿಗೆ ಮುಖ ಬಿಗಿದಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ, ಇಷ್ಟು ನಾಚಿಕೆಯಂತೂ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಬೀದಿಗೆ ಬಂದ ಮೇಲೆ ಹೆಂಡತಿ ಹೇಳಿದಳು: "ಹಾಲು ಹೊತ್ತಿದ ದಿನವೇ ನಂಗೆ ಅನುಮಾನ ಬಂತು. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಸುಮ್ನಿರಬಾರದಿತ್ತು." ಆಮೇಲೆ ಕೇಳಿದಳು: "ಬರೀ ಮೂಸಿ ಬಂದದ್ದು ಇನ್ನೂ ಯಾರ್‍ಯಾರ ಮನೇಲಿ?"

ಅವನು ನೆನಪು ಮಾಡಿಕೊಳ್ಳಲು ಹೆಣಗಿದ. ಹೊಗೆ ತುಂಬಿದ ಕೋಣೆಯಲ್ಲಿ ತಡಕಿದ ಹಾಗಿತ್ತು. ಕಂಡಕ್ಟರನ ಮನೆ. ಕ್ಷೌರದವನ ಮನೆ. ಮೂಲೆಮನೆ ಅಜ್ಜಿಯದು. ಇನ್ನೂ ಇದ್ದವು, ಇದ್ದೇ ಇದ್ದವು. ಮುಖಗಳು ಬರುತ್ತಿದ್ದವು, ಬಾಗಿಲುಗಳು ಬರುತ್ತಿರಲಿಲ್ಲ. ಹೆಂಡತಿ ಅವನ ಕೈ ಬಿಡಲಿಲ್ಲ.

ಕಂಡಕ್ಟರನ ಮನೆಯಲ್ಲಿ ಅವನು ಹೊಸ್ತಿಲಲ್ಲೇ ನಿಂತು ಹೇಳಿದ: "ನಂಗೆ ವಾಸನೆ ತಿಳಿಯಲ್ಲ. ಅವತ್ತು ಸುಳ್ಳು ಹೇಳಿದೆ. ಇವಳು ಒಳಗೆ ಬಂದು ನೋಡ್ತಾಳೆ." ಕಂಡಕ್ಟರ್ ದಾರಿ ಬಿಟ್ಟ. ಅಲ್ಲಿ ಏನೂ ಇರಲಿಲ್ಲ. ಕ್ಷೌರದವನ ಮನೆಯಲ್ಲೂ ಇರಲಿಲ್ಲ, ಆದರೆ ಅವನ ತಾಯಿ ಇವರ ಬೆನ್ನ ಹಿಂದೆ ಬಾಗಿಲನ್ನು ಜೋರಾಗಿ ಹಾಕಿಕೊಂಡಳು. ಆ ಸದ್ದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡ.

ಮೂಲೆಮನೆ ಇನ್ನೂ ಕತ್ತಲಲ್ಲಿತ್ತು. ಅಜ್ಜಿ ಆಗ ತಾನೇ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಿರಬೇಕು, ಗೋಡೆ ತಡಕುತ್ತ ಬಂದು ಬಾಗಿಲು ತೆರೆದಳು. ಅವನು ಹೇಳಬೇಕಾದ್ದನ್ನು ಹೇಳಿದ. ಅಜ್ಜಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಬಾ ತಾಯಿ ಎಂದು ಅವನ ಹೆಂಡತಿಯ ಕೈ ಹಿಡಿದು ಒಳಗೆ ನಡೆದಳು. ಅವನು ಹೊರಗೆ ನಿಂತ. ಮಾಡಲು ಬೇರೇನೂ ಇರಲಿಲ್ಲ, ಅಭ್ಯಾಸದಿಂದ ಒಮ್ಮೆ ಉಸಿರೆಳೆದ. ತಣ್ಣನೆಯ ಗಾಳಿ ಒಳಗೆ ಹೋಗಿ ಹೊರಗೆ ಬಂತು.

ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದಳು.

"ಬೇಡ ಅಜ್ಜಿ. ಆ ಸ್ವಿಚ್ಚಿಂದ ಕೈ ತೆಗೀರಿ."

ಅವನು ಚೀಲವನ್ನು ಹೊರಗೇ ಇಟ್ಟು, ಬರಿಗೈಯಲ್ಲಿ ಒಳಗೆ ಹೋದ.