ಅವ್ವ ಹಿಡಿದ ಕೊಲೆಗಾರರು

ನಿನ್ನೆ ಮೊಮ್ಮಗಳ ಜೋಡಿ ಪತ್ತೇದಾರಿ ಕಾದಂಬರಿ ಮ್ಯಾಲೆ ತಗದ ಸಿನಿಮಾ ನೋಡಾಕತ್ತಿದ್ದೆ. ಅರ್ಧಕ್ಕ ನಾನು, "ಆ ಡಾಕ್ಟರನೇ ಕೊಂದಾನ" ಅಂದೆ. ಖರೇನೂ ಆತು. "ಅಜ್ಜಿ, ನೀ ಭಾಳ ಶಾಣ್ಯಾಕಿ!" ಅಂದ್ಲು.

ನಾ ಸಣ್ಣಾಕಿದ್ದಾಗ ಮಹಾರಾಷ್ಟ್ರದ ಇಚಲಕರಂಜಿಯಾಗ ನಮ್ಮವ್ವ ಮಗ್ಗದ ಕಂಡಿಕಿಗೆ ನೂಲು ಸುತ್ತೋವಾಗ, ಸಾಲಿಂದ ಬಂದ ನಾನು ಮರಾಠಿ ಪತ್ತೇದಾರಿ ಪುಸ್ತಕ ಓದಿ ಕನ್ನಡದಾಗ ಹೇಳತಿದ್ದೆ. ಅವ್ವಗ ಓದಾಕ ಬರತಿರಲಿಲ್ಲ. ಆದ್ರ ಅರ್ಧ ಕಥಿಗೇ ಕೊಲೆಗಾರನ್ನ ಹಿಡೀತಿದ್ಲು. ನನಗ ಸಿಟ್ಟು ಬಂದು, ಕಡೀ ಪುಟದಾಗ ಬೇಕಂತ ಬ್ಯಾರೆಯವರ ಹೆಸರು ಹೇಳಿಬಿಡತಿದ್ದೆ.

"ನನ್ನ ತಲ್ಯಾಗ ಏನೂ ಇಲ್ಲ ಬಿಡವಾ, ನೀನ ಶಾಣ್ಯಾಕಿ" ಅಂತ ನಕ್ಕು ರಾಟಿ ತಿರುವತಿದ್ಲು. ಬರಬರತಾ ಅಪ್ಪ ಏನು ಕೇಳಿದ್ರೂ, "ನನಗೇನು ತಿಳೀತೈತ್ರಿ, ಮಗಳನ್ನ ಕೇಳ್ರಿ" ಅನ್ನಾಕ ಹತ್ತಿದ್ಲು. ಹಂಗ ತಿಳಕೊಂಡೇ ಸತ್ತಳು.

ನಿನ್ನೆ ಮೊಮ್ಮಗಳ ಮುಂದ ಮೊದಲ ಸಲ ಬಾಯಿ ಬಿಟ್ಟೆ: "ಶಾಣ್ಯಾಕಿ ನಾನಲ್ಲವಾ, ನಮ್ಮವ್ವ. ಒಂದು ಸಲಾನೂ ತಪ್ಪಿರಲಿಲ್ಲ."