ಕೆಂಪು ಕೋಟಿನಲ್ಲಿ ಶಾಲು ಹೊದಿಸಲು ಹೋದದ್ದು

ಯಾರ ದನಿಯನ್ನಾದರೂ ಕದಿಯುವುದು ನನ್ನ ಚಾಳಿ. ಆಫೀಸಿನ ಫೋನಿನಲ್ಲಿ ಕೆನಡಿಯನ್ ಆಗುವ ಅಪ್ಪ, ಫೋನಿಟ್ಟ ಮರುಕ್ಷಣ ಧಾರವಾಡಕ್ಕೆ ಮರಳುವ ಅಪ್ಪ, ಇಬ್ಬರೂ ನನಗೆ ಬಾಯಿಪಾಠ. ಅಷ್ಟು ಬಿಟ್ಟರೆ ನನ್ನಿಂದ ಮನೆಗೆ ಬೇರೆ ಉಪಯೋಗವಿಲ್ಲವೆಂದು ಅಮ್ಮನ ಅಂಬೋಣ.

ಕೆನಡಾದ ಎರಿನ್ ಮಿಲ್ಸಿನ ನಮ್ಮ ಕನ್ನಡದವರ ಗುಂಪು ಕೆನಡಾ ಡೇಗೆ ಕುದುರೆ ಪೊಲೀಸರ ಚರಿತ್ರೆಯನ್ನು ನಾಟಕ ಮಾಡಿದಾಗ ಮುಖ್ಯ ಪೊಲೀಸ ನಾನೇ. ಪಶ್ಚಿಮದ ಬಯಲಿಗೆ ಕುದುರೆಯೇರಿ ಹೋಗಿ, ಕಳ್ಳ ವಿಸ್ಕಿ ಮಾರುವವರನ್ನು ಓಡಿಸಿ, ಕಾನೂನು ತಂದ ಶೂರರು. ನಮ್ಮ ಸ್ಕ್ರಿಪ್ಟಿನ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಪೊಲೀಸರ ಸಮವಸ್ತ್ರವೆಂದು ಗುಂಪಿನ ಅಧ್ಯಕ್ಷರು ಹೊಲಿಸಿದ್ದ ಕೆಂಪು ಕೋಟಿನಲ್ಲಿ ನಾನು ಮದುವೆ ಬ್ಯಾಂಡ್‌ಸೆಟ್ಟಿನವನಂತೆ ಕಾಣುತ್ತಿದ್ದೆ.

"ಲೇ ತಮ್ಮಾ, ದನಿ ಗಡಸ್ ತಗೀಪಾ," ಎಂದರು ಅಧ್ಯಕ್ಷರು, ಹುಬ್ಬಳ್ಳಿ ಕಡೆಯ ಕಾಕಾ. "ಪೊಲೀಸ ಇದ್ದೀ, ಪೂಜಾರಿ ಅಲ್ಲ."

ಈ ನೆಲ ಮೊದಲು ಯಾರದಾಗಿತ್ತೆಂದು ನೆನೆದು ಕಾರ್ಯಕ್ರಮ ಆರಂಭಿಸುವುದು ಇಲ್ಲಿಯ ಪದ್ಧತಿ. ಅದಕ್ಕೆಂದು ಕರೆಸಿದ್ದ ಮೂಲನಿವಾಸಿ ಅಜ್ಜಿಯೊಬ್ಬರು ಮೊದಲ ಸಾಲಿನಲ್ಲಿ ಕೂತಿದ್ದರು. ಅವರು ಹುಟ್ಟಿದ್ದು ಎಲ್ಲಿ ಎಂದು ನಾವ್ಯಾರೂ ಕೇಳಿರಲಿಲ್ಲ.

ವಿಸ್ಕಿ ಮಾರುವವನ ಗುಡಿಸಲಿನ ಬಾಗಿಲಿಗೆ ಮೂರು ಗುದ್ದು ಗುದ್ದಿ, "ಓಪನ್ ದ ಡೋರ್!" ಎಂದೆ. ಸಭೆ ಚಪ್ಪಾಳೆ ತಟ್ಟಿತು.

ಅತಿಥಿಯನ್ನು ಬರಿಗೈಲಿ ಕಳಿಸುವುದುಂಟೆ? ಶಾಲು, ಹಾರ, ಹಣ್ಣಿನ ಬುಟ್ಟಿ ಬಂದವು. ಫೋಟೊ ಚೆನ್ನಾಗಿ ಬರಲೆಂದು ಕಾಕಾ ನನಗೆ ಕೋಟು ಬಿಚ್ಚಲೂ ಬಿಡದೆ ಶಾಲನ್ನು ಕೈಗಿಟ್ಟರು. ಹೊದಿಸಲು ಹೋದರೆ ಅಜ್ಜಿಯ ಹೆಗಲು ಹಿಂದಕ್ಕೆ ಸರಿಯಿತು. ನಾಚಿಕೆಯಿರಬೇಕೆಂದು ತಮಾಷೆಗೊಂದು ಸೆಲ್ಯೂಟ್ ಹೊಡೆದೆ. ಜನ ನಕ್ಕರು.

"ಅದೇ ದನಿ," ಎಂದರು ಅಜ್ಜಿ ಇಂಗ್ಲಿಷಿನಲ್ಲಿ, ನನಗಷ್ಟೇ ಕೇಳುವಂತೆ. "ನಿಮ್ಮ ನಾಟಕದ ಆ ಬಯಲಿನಲ್ಲೇ, ನಮ್ಮ ಮನೆಯ ಹೊರಗೆ. ನಮ್ಮ ಮಕ್ಕಳನ್ನು ಕಿತ್ತೊಯ್ದು ಸೇರಿಸುತ್ತಿದ್ದ ಸರ್ಕಾರಿ ಬೋರ್ಡಿಂಗ್ ಶಾಲೆಗೆ ನನ್ನ ತಮ್ಮನನ್ನು ಒಯ್ಯಲು ಈ ಕೋಟಿನವರು ಬಂದಿದ್ದರು. ಬಾಗಿಲು ತೆಗೆದವಳು ನಾನು. ಅವನು ತಿರುಗಿ ಬರಲಿಲ್ಲ."

"ಏನಂದ್ರಪಾ ಅಜ್ಜಿ?" ಮೈಕಿನಲ್ಲೇ ಕೇಳಿದರು ಕಾಕಾ.

"ಥ್ಯಾಂಕ್ಸ್ ಅಂದ್ರು ಕಾಕಾ."

ಶಾಲನ್ನು ಅವರ ಮಡಿಲಲ್ಲಿಟ್ಟು ಹಿಂದೆ ಸರಿದೆ.

ಮುಂದಿನ ವಾರ ನ್ಯೂಮಾರ್ಕೆಟ್ ಎಂಬ ಪಕ್ಕದೂರಿನಲ್ಲಿ ಎರಡನೆಯ ಶೋ ಇತ್ತು. ಅಷ್ಟರೊಳಗೆ ಆ ಪೊಲೀಸನ ದನಿ ಮನೆಯಲ್ಲೆಲ್ಲ ಓಡಾಡತೊಡಗಿತು. ತಂಗಿಯ ಕೋಣೆ ತಟ್ಟಿ "ಊಟಕ್ಕ ಬಾರವ್ವಾ" ಎಂದೆ, ಅದರಲ್ಲೂ ಅವನೇ. "ಓಕೆ, ಓಕೆ, ಕಮಿಂಗ್!" ಎಂದು ಅವಳು ಓಡಿಬಂದು ಬಾಗಿಲು ತೆಗೆದಳು. ಹಿಂದೆಂದೂ ಒಂದೇ ಕರೆಗೆ ತೆಗೆದವಳೇ ಅಲ್ಲ.

ಊಟ ಬಿಟ್ಟು ಕಾಕಾಗೆ ಫೋನ್ ಮಾಡಿ, ಅಜ್ಜಿ ನಿಜಕ್ಕೂ ಅಂದದ್ದನ್ನು ಹೇಳಿದೆ.

"ಶೋ ಬ್ಯಾಡ ಬಿಡು," ಎಂದರು ಕಾಕಾ. "ಕೋಟ್ ನಿನ್ನ ಕಡೇನ ಇರ್ಲಿ ತಮ್ಮಾ. ನಮ್ಮ ಮನಿಗೆ ತರಬ್ಯಾಡ."