ದುಬೈ ಮನೆಯ ಕಾಗದದಲ್ಲಿ ನನ್ನ ಹೆಸರು

ಮೊಮ್ಮಗಳು ಔರಾದಿಗೆ ಬಂದು ಇಂದಿಗೆ ಹನ್ನೊಂದು ದಿನ. ಆರು ವರ್ಷದ ಕೂಸು. ನಾನು ರೊಟ್ಟಿ ಬಡಿಯುವಾಗ ಬೆನ್ನಿಗೆ ಆತು ಕೂರುತ್ತಾಳೆ. ನನ್ನ ಸಂತೋಷವನ್ನು ಎಲ್ಲಿಡಲಿ ಎಂದೇ ತಿಳಿಯುತ್ತಿಲ್ಲ. ಓಣಿಯಲ್ಲಿ ಕಂಡವರಿಗೆಲ್ಲ ಹೇಳಿದ್ದೇನೆ, ಹೇಳಿದವರಿಗೇ ಮತ್ತೆ ಹೇಳಿದ್ದೇನೆ. ಆದರೆ ಯಾಕೆ ಬಂದಳು ಎಂದು ಯಾರಾದರೂ ಕೇಳಿದರೆ ಬೇರೆ ಮಾತು ತೆಗೆಯುತ್ತೇನೆ. ಅವಳ ಮನೆ ಹೋದದ್ದು ನನ್ನ ಹೆಸರಿನಿಂದ.

ಮಗಳು ದುಬೈಯಲ್ಲಿ ನರ್ಸು, ಅಳಿಯ ಎ.ಸಿ. ರಿಪೇರಿ ಮಾಡುತ್ತಾನೆ. ಕೆಲವು ವರ್ಷದ ಹಿಂದೆ ಅಲ್ಲಿ ಸಣ್ಣದೊಂದು ಮನೆ ಕೊಳ್ಳಲು ಹೊರಟರು, ರೊಕ್ಕ ಕಡಿಮೆ ಬಿತ್ತು. ಭಾಲ್ಕಿಯಲ್ಲಿ ನನ್ನ ಯಜಮಾನರು ಬಿಟ್ಟುಹೋದ ಪ್ಲಾಟು ಮಾರಿ ಬ್ಯಾಂಕಿನಿಂದಲೇ ಕಳಿಸಿದೆ.

"ಅವ್ವಾ, ಕಾಗದದಾಗ ನಿನ್ನ ಹೆಸರೂ ಹಾಕ್ತೇವಿ," ಅಂದಳು ಮಗಳು ಫೋನಿನಲ್ಲಿ.

"ನನಗ್ಯಾಕ? ನಾ ಏನು ಒಂಟಿ ಮ್ಯಾಲ ಕುಂತು ಅಲ್ಲಿಗಿ ಬರ್ತೇನೇನು?"

ಅಳಿಯ ಫೋನು ತೆಗೆದುಕೊಂಡ. "ಅತ್ತಿ, ಮನಿ ಮ್ಯಾಲ ಹಿರ್ಯಾರ ಹೆಸರು ಇರಬೇಕರಿ. ನಿಮ್ಮ ರೊಕ್ಕ ಅದ, ನಿಮ್ಮ ಹೆಸರು ಬ್ಯಾಡಂದ್ರ ಹ್ಯಾಂಗರಿ?"

ನಮ್ಮಲ್ಲಿ ಹಾಗೆಯೇ. ಮಕ್ಕಳು ಕಟ್ಟಿಸಿದರೂ ಬಾಗಿಲ ಮೇಲೆ ತಾಯಿಯದೋ ತಂದೆಯದೋ ಹೆಸರು. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಶಾಲೆಯಲ್ಲೇ ಬಿಸಿಯೂಟ ಬೇಯಿಸುವವಳು. ಬಂದ ಕಾಗದಗಳಿಗೆಲ್ಲ ಹೆಬ್ಬೆಟ್ಟು ಒತ್ತದೆ ಅಕ್ಷರ ಬಿಡಿಸಿ ಸಹಿ ಮಾಡಿದೆ. ದುಬೈಯಲ್ಲಿ ಆದಾಯ ತೆರಿಗೆ ಇಲ್ಲ ಎಂದು ಮಗಳು ಅಳಿಯ ಹೇಳಿದ್ದರು. ತೆರಿಗೆಯೇ ಇಲ್ಲದ ಮನೆಯ ಸುದ್ದಿಯನ್ನು ಇಲ್ಲಿ ಯಾರಿಗೆ ಹೇಳಬೇಕು ಎಂದುಕೊಂಡೆವು.

ಹೋದ ವರ್ಷ ಆದಾಯ ತೆರಿಗೆ ಇಲಾಖೆಯಿಂದ ನನ್ನ ಹೆಸರಿಗೆ ನೋಟಿಸು ಬಂತು. ಶಾಲೆಯ ಗುರುಗಳು ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ದುಬೈದಾಗ ಮನಿ ಅದ ಏನ್ರಿ ಅಕ್ಕಾರ ನಿಮ್ಮದು? ನಾ ಇನ್ನ ಬಾಡಿಗಿ ಮನ್ಯಾಗ ಇದ್ದೇನಿ."

ಬಸ್ಸು ಹಿಡಿದು ಬೀದರಿನ ಆಡಿಟರ್ ಸಾಹೇಬರ ಹತ್ತಿರ ಹೋದೆ. ರಿಟರ್ನ್ ಯಾವಾಗಲಾದರೂ ತುಂಬಿದ್ದೀರಾ ಎಂದು ಕೇಳಿದರು.

"ತುಂಬಲಿಕ್ಕಿ ನನಗ ಗಳಿಕಿ ಎಲ್ಲಿ ಅದರಿ, ಸಾಹೇಬ್ರ?"

"ಗಳಿಕಿ ಇಲ್ಲದಿದ್ರೂ ಸರಿ. ಇಲ್ಲಿ ಇರೋರು ಹೊರದೇಶದ ಮನಿಗಿ ಪಾಲುದಾರರಾದ್ರ ವರ್ಷಾ ವರ್ಷಾ ರಿಟರ್ನದಾಗ ತೋರಸಬೇಕರಿ. ಅಲ್ಲಿ ತೆರಿಗಿ ಇರ್ಲಿ, ಬಿಡ್ಲಿ."

"ಮಗಳ ಹೆಸರು ಅಷ್ಟೇ ಇದ್ದಿದ್ರ?"

"ಆಕಿ ಅಲ್ಲೇ ಇರ್ತಾಳ. ಆಕಿಗಿ ಈ ತ್ರಾಸ ಇರ್ತಿರಲಿಲ್ಲ."

ನಾನು ನೋಟಿಸು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ತೆರಿಗೆ ಅಧಿಕಾರಿಗಳಿಗೆ ಪ್ಲಾಟು ಮಾರಿದ ಕಾಗದ, ಬ್ಯಾಂಕಿನ ಚೀಟಿ ಎಲ್ಲ ತೋರಿಸಿದೆವು. ರೊಕ್ಕ ನ್ಯಾಯದ್ದೇ ಎಂದು ಒಪ್ಪಿದರು. ತೋರಿಸದೆ ಇದ್ದದ್ದಕ್ಕೆ ಮಾತ್ರ ದಂಡ ಬಿತ್ತು: ವರ್ಷಕ್ಕೆ ಹತ್ತು ಲಕ್ಷ, ಅಂಥವು ಮೂರು ವರ್ಷ. ಅಪೀಲು ಹಾಕಬಹುದು, ಅದರಲ್ಲಿ ಬಿಡುಗಡೆ ಆದವರೂ ಇದ್ದಾರೆ, ಆಗದವರೂ ಇದ್ದಾರೆ ಎಂದರು ಆಡಿಟರ್ ಸಾಹೇಬರು. ಮಗಳಿಗೆ ಅಷ್ಟು ಕಾಯುವ ಧೈರ್ಯ ಸಾಲಲಿಲ್ಲ.

"ಅಷ್ಟರಾಗ ಜಪ್ತಿ ಅಂತ ನಿನ್ನ ಬಾಗಲಿಗಿ ಬಂದ್ರ ನಾ ಏನು ಮಾಡ್ಲಿ ಅವ್ವಾ?" ಅಂದಳು.

ದಂಡ ಕಟ್ಟಲು ಮನೆ ಮಾರುವುದು ಬೇಡವೆಂದು ಅತ್ತುಕೊಂಡೆ, ಬೈದೆ. ಅವರು ಮನೆ ಮಾರಿದರು. ಮಾರಿದ ಲಾಭದಲ್ಲಿ ನನ್ನ ಪಾಲಿಗೆ ಇಲ್ಲಿ ತೆರಿಗೆ ಮತ್ತೆ ಬೇರೆ. ಈಗ ಗಂಡ ಹೆಂಡತಿ ಇನ್ನೊಂದು ಸಂಸಾರದ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದಾರೆ. ಕೂಸಿಗೆ ಅಲ್ಲಿ ಜಾಗವಿಲ್ಲ. ಮಗಳೇ ಕರೆತಂದು ಬಿಟ್ಟಳು. ಹೋಗುವ ದಿನ ಬಸ್ ನಿಲ್ದಾಣದಲ್ಲಿ ನನ್ನ ಸೆರಗು ಸರಿ ಮಾಡಿದಳು, ನನ್ನನ್ನು ದೂರುವ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಿನ್ನೆ ಮೊಮ್ಮಗಳ ಹೆಸರು ಹಚ್ಚಲು ಶಾಲೆಗೆ ಹೋದೆ. ಅರ್ಜಿಯಲ್ಲಿ ಪಾಲಕರ ಸಹಿಯ ಜಾಗ ತೋರಿಸಿ ಗುರುಗಳು ಪೆನ್ನು ಕೊಟ್ಟರು. ಕೈ ತಾನಾಗಿ ಹಿಂದೆ ಸರಿಯಿತು.

"ಇದರಾಗ ಏನು ಬರದದ, ಪೂರಾ ಓದಿ ಹೇಳ್ರಿ," ಅಂದೆ.

"ಸಾಲಿ ಅರ್ಜಿ ಅದರಿ ಅಕ್ಕಾರ, ದುಬೈದು ಅಲ್ಲ."

ಆದರೂ ಓದಿಸಿದೆ, ಎರಡು ಸಲ. ಆಮೇಲೆ ಸಹಿ ಹಾಕಿದೆ. ಮೊಮ್ಮಗಳು ಮೇಜಿನ ಮೇಲೆ ಗದ್ದವಿಟ್ಟು ನೋಡುತ್ತಿದ್ದಳು.

"ಆಯಿ, ನಾ ನಮ್ಮ ಮನಿಗಿ ವಾಪಸ್ ಹೋಗಾಗ ಈ ಸಾಲ್ಯಾಗಿನ ನನ್ನ ಹೆಸರು ತಗೀತಾರೇನು?"

"ತಗೀತಾರವ್ವಾ," ಅಂದೆ. ತೆಗೆಯುವ ದಿನ ಬಾರದೇ ಇರಲಿ ಎಂದು ನನ್ನ ಪಾಪಿ ಮನಸ್ಸು ಅಷ್ಟರಲ್ಲೇ ಬೇಡಿಕೊಂಡಿತ್ತು.